ರಾಮದುರ್ಗದ ಫೈನಲ್ ಮುಗಿದ ಮೇಲೆ

ಬೈಲಹೊಂಗಲ
೨೪ ಫೆಬ್ರವರಿ ೨೦೨೫

ಪ್ರೀತಿಯ ಸಾವಂತ್ರಿಗೆ,

ನಿನ್ನ ಅನ್ನುವಿನ ನೆನಪುಗಳು. ನೀನು ಕಳಿಸಿದ ಆಮಂತ್ರಣ ಪತ್ರಿಕೆ ಬಂದು ಎರಡು ವಾರ ಆಗುತ್ತ ಬಂತು. ಅದಕ್ಕೂ ಮೊದಲು ನೀನು ಎಷ್ಟೋ ಸಲ ಫೋನ್ ಮಾಡಿದ್ದೆ, ನಾನು ಎತ್ತಲಿಲ್ಲ. ಕೈಯಲ್ಲಿ ಕೆಲಸವಿತ್ತು, ಫೋನು ಚಾರ್ಜಿಗೆ ಹಾಕಿದ್ದೆ ಎಂದೆಲ್ಲ ಬರೆದರೆ ನೀನು ನಂಬುವವಳಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದೆನೆಂದರೆ ‘ಹ್ಞೂಂ, ಆರಾಮ ಅದೇನಿ’ ಎಂದು ಹೇಳಿ ಇಟ್ಟುಬಿಡುತ್ತೇನೆ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಕಾಗದ ಹಿಡಿದು ಕುಳಿತೆ. ಮದುವೆಯಾಗಿ ನೀನು ಬೆಳಗಾವಿಗೆ, ನಾನು ಇಲ್ಲಿಗೆ ಬಂದ ಹೊಸದರಲ್ಲಿ ವಾರಕ್ಕೊಂದು ಇನ್‌ಲ್ಯಾಂಡ್ ಬರೆಯುತ್ತಿದ್ದೆವಲ್ಲ, ಆ ರೂಢಿ ಕೈಗೆ ಇನ್ನೂ ಪೂರ್ತಿ ತಪ್ಪಿಲ್ಲ. ತಡವಾದದ್ದಕ್ಕೆ ಸಿಟ್ಟಾಗಬೇಡ.

ಮನೆಯಲ್ಲಿ ಎಲ್ಲ ಇದ್ದ ಹಾಗೇ ಇದೆ. ಇವರಿಗೆ ಹೋದ ತಿಂಗಳು ಎಡಗಣ್ಣಿನ ಪೊರೆ ತೆಗೆಸಿದೆವು. ಈಗ ಗೋಡೆಯ ಮೇಲಿನ ಹಲ್ಲಿಯೂ ಕಾಣುತ್ತದೆ, ಸಾರಿನೊಳಗಿನ ಕೂದಲೂ ಕಾಣುತ್ತದೆ. ಹಾಗಾಗಿ ನನಗೆ ಕೆಲಸ ಹೆಚ್ಚಾಗಿದೆ. ನನ್ನ ಬಲಗಾಲಿನ ಮೊಣಕಾಲು ಮೆಟ್ಟಿಲು ಇಳಿಯುವಾಗ ಸದ್ದು ಮಾಡುತ್ತದೆ. ‘ನಿಂತ ಕೆಲಸ ಬಿಡ್ರಿ ಅಕ್ಕಾರ’ ಎಂದರು ಡಾಕ್ಟರು. ಮೂವತ್ತು ವರ್ಷ ನಿಂತೇ ಅನ್ನ ತಿಂದವಳಿಗೆ ಇದನ್ನು ಹೇಳುವುದು ಸುಲಭ.

ನಿನ್ನ ಸತ್ಕಾರದ ಸುದ್ದಿ ಓದಿ ಸಂತೋಷವಾಯಿತು. ಹತ್ತು ವರ್ಷ ಬಿಡದೆ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಆಡಿಸಿ ಯುನಿವರ್ಸಿಟಿ ಕಪ್ ಗೆಲ್ಲುವುದು ಸಣ್ಣ ಮಾತಲ್ಲ. ನಿಮ್ಮ ಕಾಲೇಜಿನವರು ಶಾಲು ಹೊದಿಸಿ ಮೆರೆಸಬೇಕಾದದ್ದೇ. ಪತ್ರಿಕೆಯ ಕೆಳಗೆ ‘ನನ್ನ ಬಗ್ಗೆ ನಾಲ್ಕು ಮಾತು ನೀನೇ ಆಡಬೇಕು ಅನ್ನು, ಬೇರೆ ಯಾರು ಆಡಿದರೂ ನನಗೆ ಸಮಾಧಾನವಿಲ್ಲ’ ಎಂದು ಪೆನ್ನಿನಿಂದ ಬರೆದಿದ್ದೀ. ಅದನ್ನು ಎರಡು ಸಲ ಓದಿದೆ. ಆದರೆ ಬರಲಾಗುವುದಿಲ್ಲ, ಸಾವಂತ್ರಿ. ವೇದಿಕೆ ಹತ್ತಿ ನಿಂತು ಮಾತಾಡುವ ಶಕ್ತಿ ಈಗ ನನ್ನಲ್ಲಿಲ್ಲ. ನಿನಗೆ ಬೇರೆಯವರಿಂದ ಗೊತ್ತಾಗುವ ಮೊದಲು ನಾನೇ ಹೇಳುತ್ತೇನೆ. ಟೀಮ್ ಬಿಟ್ಟೆ. ಬರುವ ವರ್ಷದಿಂದ ಬಾಸ್ಕೆಟ್‌ಬಾಲನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದು ಪ್ರಿನ್ಸಿಪಾಲರಿಗೆ ಬರೆದುಕೊಟ್ಟಿದ್ದೇನೆ. ನಿವೃತ್ತಿಗೆ ಉಳಿದ ಎರಡು ವರ್ಷ ಹಾಜರಿ, ಯೋಗ ದಿನ, ಸ್ವಾತಂತ್ರ್ಯ ದಿನದ ಕವಾಯತು, ಇಷ್ಟು ನೋಡಿಕೊಂಡು ಇರುತ್ತೇನೆ.

ಸೋತೆವೆಂದು ಬಿಟ್ಟೆ ಎಂದುಕೊಳ್ಳಬೇಡ. ಸೋಲುವುದು ನನಗೆ ಹೊಸದಲ್ಲ.

ನಾನು ಈ ಕಾಲೇಜಿಗೆ ಬಂದಾಗ ಕಟ್ಟಡದ ಹಿಂದೆ ಜಾಲಿಗಿಡ ಬಿಟ್ಟರೆ ಏನೂ ಇರಲಿಲ್ಲ. ಮೊದಲ ಕಂಬವನ್ನು ನಾನೂ ಮಹಾಂತಪ್ಪನೂ ಸೇರಿ ಹೂಳಿದೆವು. ಮಹಾಂತಪ್ಪ ನಮ್ಮ ಸಿಪಾಯಿ, ನೀನು ಬಂದಾಗಲೆಲ್ಲ ಚಹ ತರುತ್ತಿದ್ದನಲ್ಲ, ಅವನೇ. ಎರೆಮಣ್ಣಿನ ನೆಲ. ಮಳೆಗಾಲದಲ್ಲಿ ಚೆಂಡು ಪುಟಿಯುತ್ತಿರಲಿಲ್ಲ, ಬೇಸಿಗೆಯಲ್ಲಿ ಬಿರುಕಿಗೆ ಬಡಿದು ಎತ್ತಲೋ ಹಾರುತ್ತಿತ್ತು. ಸಿಮೆಂಟಿನ ಕೋರ್ಟು ಆಗುವ ಹೊತ್ತಿಗೆ ನನ್ನ ತಲೆಯಲ್ಲಿ ಬಿಳಿಕೂದಲು ಕಂಡಿದ್ದವು. ‘ಹುಡುಗ್ಯಾರು ಚಡ್ಡಿ ಹಾಕ್ಕೊಂಡ ಜಿಗದಾಡೂದು ಯಾವ ಓದಿನಾಗ ಬರತೈತ್ರಿ?’ ಎಂದು ಕೇಳಲು ಬರುವ ತಂದೆಯರಿಗೆ ಕುರ್ಚಿ ಹಾಕಿ ಕೂಡ್ರಿಸಿ, ಚೂಡಿದಾರದಲ್ಲೇ ಆಡಿಸುತ್ತೇನೆಂದು ಮಾತು ಕೊಟ್ಟು ಕಳಿಸುತ್ತಿದ್ದೆ. ಚೂಡಿದಾರದಲ್ಲೇ ಆಡಿ ಸೋತು ಬರುತ್ತಿದ್ದೆವು.

ಮದುವೆ ನಿಶ್ಚಯವಾದ ಹುಡುಗಿ ಸೋಮವಾರ ಮೈದಾನಕ್ಕೆ ಬರುತ್ತಿರಲಿಲ್ಲ. ಗೆಳತಿಯ ಕೈಯಲ್ಲಿ ಬೂಟು ಕಳಿಸುತ್ತಿದ್ದಳು. ಕಾಲೇಜಿನ ಬೂಟು, ತಿರುಗಿ ಕೊಡಬೇಕಲ್ಲ. ಬೂಟು ಬಂತೆಂದರೆ ನಾನು ಏನೂ ಕೇಳುತ್ತಿರಲಿಲ್ಲ. ಆ ಬೂಟಿಗೆ ಕಾಲು ಸರಿಹೋಗುವ ಇನ್ನೊಬ್ಬಳನ್ನು ಹುಡುಕುತ್ತಿದ್ದೆ. ಪ್ರತಿ ವರ್ಷ ಮಳೆ ಹಿಡಿಯುವ ಹೊತ್ತಿಗೆ ಮತ್ತೆ ‘ಚೆಂಡನ್ನ ಎರಡೂ ಕೈಲೆ ಹಿಡಿ’ ಎಂಬಲ್ಲಿಂದ ಶುರು. ನಿನ್ನ ಹುಡುಗಿಯರು ಬರುವಾಗಲೇ ಆಡಿ ಬಂದಿರುತ್ತಾರೆ. ನನ್ನವರಲ್ಲಿ ಅರ್ಧದಷ್ಟು ಮಂದಿ ಬಾಸ್ಕೆಟ್‌ಬಾಲನ್ನು ಕಣ್ಣಿನಿಂದ ಕಾಣುವುದೇ ಪದವಿಗೆ ಬಂದ ಮೇಲೆ. ಇದನ್ನು ದೂರಿಗಾಗಿ ಬರೆಯುತ್ತಿಲ್ಲ. ಇದು ಎಷ್ಟು ವರ್ಷದ ದಣಿವು ಎಂದು ನಿನಗೆ ತಿಳಿಯಲಿ ಎಂದು ಬರೆದೆ.

ಸ್ನೇಹಲ್ ಸಿಕ್ಕದ್ದು ಮೈದಾನದಲ್ಲಲ್ಲ. ನಮ್ಮ ಓಣಿಯಲ್ಲಿ ಒಬ್ಬರು ಮನೆಯ ಮೇಲೆ ಮನೆ ಕಟ್ಟಿಸುತ್ತಿದ್ದರು. ದೀಪಾವಳಿ ಸೂಟಿ. ಸಂಗೊಳ್ಳಿಯ ಗೌತಮ ಎಂಬ ಗೌಂಡಿ ಕೆಳಗಿನಿಂದ ಇಟ್ಟಂಗಿ ಎಸೆಯುತ್ತಿದ್ದ. ಮೇಲೆ ನಿಂತ ಮಗಳು ಎರಡೆರಡನ್ನು ಒಮ್ಮೆಗೇ ಹಿಡಿದು ಸದ್ದಾಗದಂತೆ ಪಕ್ಕಕ್ಕೆ ಜೋಡಿಸುತ್ತಿದ್ದಳು. ಕೈ ಮುಂದೆ ಚಾಚಿ, ಇಟ್ಟಂಗಿ ಬೆರಳಿಗೆ ತಾಗುತ್ತಲೇ ಎದೆಯ ಕಡೆಗೆ ಎಳೆದುಕೊಳ್ಳುವುದು. ಇದನ್ನು ಕಲಿಸಲು ನನಗೆ ಒಂದು ಪೂರ್ತಿ ಮಳೆಗಾಲ ಬೇಕಾಗುತ್ತದೆ. ಮೊಸರು ತರಲು ಹೊರಟವಳು ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತೆ.

‘ಏನ ಓದಾಕತ್ತಿ ತಂಗಿ?’ ಎಂದೆ.

‘ಬಿ.ಎ. ಫಸ್ಟ್ ಇಯರ್ ರೀ ಮೇಡಂ. ನಿಮ್ಮ ಕಾಲೇಜ ರೀ.’

‘ಮತ್ತ ನನ್ನ ಕಣ್ಣಿಗೆ ಬಿದ್ದಿಲ್ಲಲ್ಲ?’

‘ಗ್ರೌಂಡ್ ಕಡೆ ಬಂದಿಲ್ರಿ. ಕ್ಲಾಸ್ ಬಿಟ್ಟ ಕೂಡ್ಲೆ ಬಸ್ ಇರತೈತ್ರಿ.’

ಗೌತಮ ಇಟ್ಟಂಗಿ ಎಸೆಯುವುದನ್ನು ನಿಲ್ಲಿಸಿ, ‘ಆಡಿದ್ರ ಏನ ಬರತೈತ್ರಿ ಮೇಡಂ?’ ಎಂದು ಕೇಳಿದ. ಕುಹಕವಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದ. ‘ಅದು ನನಗೂ ಗೊತ್ತಿಲ್ಲ. ಆದ್ರ ಕಳಸ್ರಿ’ ಎಂದೆ. ಅವನು ನಕ್ಕ. ಸೂಟಿ ಮುಗಿದ ಮೊದಲ ದಿನವೇ ಹುಡುಗಿ ಬಂದಳು.

ಮರುವರ್ಷ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಯಿತು. ಆಮೇಲಂತೂ ಅವಳು ಮೊದಲ ಬಸ್ಸಿಗೇ ಬಂದು, ನಾನು ಹೋಗುವ ಹೊತ್ತಿಗೆ ಕೋರ್ಟು ಗುಡಿಸಿ ಇಟ್ಟಿರುತ್ತಿದ್ದಳು. ಮಹಾಂತಪ್ಪ ‘ನನ್ನ ಪಗಾರ ಈಕಿಗೇ ಕೊಡ್ರಿ’ ಎನ್ನುತ್ತಿದ್ದ. ಹೆಚ್ಚು ಮಾತಿನವಳಲ್ಲ. ಹೇಳಿದ್ದನ್ನು ಮರುದಿನ ಮಾಡಿ ತೋರಿಸುತ್ತಿದ್ದಳು. ಫ್ರೀ ಥ್ರೋ ಹಾಕುವಾಗ ಮಾತ್ರ ಅವಸರ. ಚೆಂಡು ಕೈಗೆ ಬಂದರೆ ಮುಗಿಸಿಬಿಡಬೇಕು ಎನ್ನುವ ಹಾಗೆ ಎಸೆಯುತ್ತಿದ್ದಳು. ಅದಕ್ಕೆ ನಾನು ಒಂದು ರೂಢಿ ಮಾಡಿಸಿದೆ. ಗೆರೆಯ ಮೇಲೆ ನಿಂತವಳು ಮೊದಲು ನನ್ನ ಕಡೆ ನೋಡಬೇಕು. ನಾನು ಅಂಗೈ ಕೆಳಗೆ ಮಾಡಿ ಕೈಯನ್ನು ನಿಧಾನ ಇಳಿಸುತ್ತೇನೆ. ಕೈ ಇಳಿಯುವಷ್ಟು ಹೊತ್ತು ಅವಳು ಉಸಿರು ಬಿಡಬೇಕು, ಮೊಣಕಾಲು ಬಾಗಿಸಬೇಕು. ಆಮೇಲೆ ಚೆಂಡು. ಬೆಳಿಗ್ಗೆ ಎದ್ದು ಹಲ್ಲುಜ್ಜಿದ ಹಾಗೆ ಇಬ್ಬರಿಗೂ ಅದು ರೂಢಿಯಾಯಿತು. ಹೋದ ವರ್ಷ ನಿಮ್ಮ ವಿರುದ್ಧ ಫೈನಲ್ ತನಕ ಬಂದೆವಲ್ಲ, ಅವಳ ದೆಸೆಯಿಂದ ಬಂದೆವು. ಯುನಿವರ್ಸಿಟಿ ಟೀಮಿಗೂ ಆಯ್ಕೆಯಾದಳು. ಸಂಗೊಳ್ಳಿಯ ಮನೆಯಲ್ಲಿ ಬುದ್ಧ, ಬಾಬಾಸಾಹೇಬರ ಫೋಟೋಗಳ ನಡುವೆ ಒಂದು ಹಲಗೆ ಹೊಡೆದು ಗೌತಮ ಮಗಳಿಗೆ ಆಗ ಸಿಕ್ಕ ಸಣ್ಣ ಕಪ್ಪನ್ನು ಇಟ್ಟ. ಅಜ್ಜಿ ಶಟ್ಟೆವ್ವ ಅದನ್ನು ಸೆರಗಿನಿಂದ ಒರೆಸುವುದನ್ನು ನಾನೇ ನೋಡಿದ್ದೇನೆ.

ಹೋದ ಜುಲೈನಲ್ಲಿ ಅವಳು ನನ್ನ ಕೋಣೆಯ ಬಾಗಿಲಿಗೆ ಬಂದು ಒಳಗೆ ಬರದೆ ನಿಂತಳು.

‘ಮೇಡಂ, ಟಿ.ಸಿ. ತಗೋಬೇಕಂತ ಮಾಡೇನ್ರಿ.’

‘ಎಲ್ಲಿಗಿ ಹೊಂಟಿ?’

‘ಬೆಳಗಾವಿಗ್ರಿ. ಸಾವಂತ್ರಿ ಮೇಡಂ ಅವರ ಕಾಲೇಜಿಗಿ. ಹಾಸ್ಟೆಲ್ ಕೊಡತಾರಂತ್ರಿ. ರೈಲ್ವೆ ಟ್ರಯಲ್ಸಿಗೂ ಕರಕೊಂಡ ಹೋಗತಾರಂತ್ರಿ.’ ಆಮೇಲೆ, ‘ಸಿಟ್ಟ ಬಂತೇನ್ರಿ?’ ಎಂದಳು.

‘ಇಲ್ಲ. ಅಲ್ಲಿ ಕಟಗಿ ನೆಲ ಐತಿ. ಮೊಣಕಾಲ ಉಳಿತಾವ. ನನ್ನವು ನೋಡು, ಹೆಂಗಾಗ್ಯಾವ’ ಎಂದೆ. ನಗಿಸಲು ಹೇಳಿದ್ದೆ, ಅವಳು ನಗಲಿಲ್ಲ.

ಪ್ರಿನ್ಸಿಪಾಲ ಅಂದಾನೆಪ್ಪನವರು ಒಪ್ಪಲಿಲ್ಲ. ಅವರು ಕೆಟ್ಟವರಲ್ಲ, ಕಾಲೇಜಿನ ಹೆಸರಿನ ಮೇಲೆ ಜೀವ. ‘ನೀವು ತಿದ್ದಿ ತೀಡಿದ ಹುಡುಗಿ ಅವರ ಹೆಸರ್ಲೆ ಆಡಬೇಕೇನ್ರಿ? ಕ್ರೀಡಾ ವಿಭಾಗದ ಸಹಿ ಬೇಕಂತ ಹೇಳಿ ತಡೀರಿ. ಆಗಸ್ಟ್ ದಾಟಿದ್ರ ಅಡ್ಮಿಷನ್ ಮುಗೀತಾವ. ತಾನ ಇಲ್ಲೇ ಉಳಿತಾಳ’ ಎಂದರು. ನಾನು, ‘ಸರ್, ನಮ್ಮಲ್ಲಿ ಉಳಿದು ಆಕಿ ಏನಾಗತಾಳ? ಕಂಬ ಹಿಡಕೊಂಡ ನಿಂತ ನಾ ಏನಾದೆ?’ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ‘ನಿಮ್ಮ ಇಚ್ಛಾ’ ಎಂದರು. ಅವರ ಟೇಬಲ್ಲಿನ ಮೇಲೆಯೇ ಸಹಿ ಹಾಕಿದೆ. ಅಂದು ಸಂಜೆಯೇ ನಿನಗೆ ಫೋನ್ ಮಾಡಿ, ಅವಳು ಬಲಗಡೆಯಿಂದಷ್ಟೇ ಒಳಗೆ ನುಗ್ಗುತ್ತಾಳೆ, ಎಡಗೈ ತಿದ್ದು ಎಂದು ಹೇಳಿದೆ. ‘ನೀ ಭಾಳ ದೊಡ್ಡಾಕಿ ಅನ್ನು’ ಎಂದೆ ನೀನು. ಆ ಮಾತಿನ ಹಮ್ಮಿನಲ್ಲಿ ನಾನು ಒಂದು ತಿಂಗಳು ಕಳೆದೆ ಎಂದರೂ ನಡೆಯುತ್ತದೆ.

ಉಳಿದವರು ಕೈಬಿಟ್ಟಾರು ಎಂದುಕೊಂಡಿದ್ದೆ. ಬಿಡಲಿಲ್ಲ. ಅದಕ್ಕೆ ಕಾರಣ ರಾಣಿ. ಅವಳನ್ನು ನೀನು ನೋಡಿದ್ದೀ. ಗಿರಣಿ ಲಕ್ಷ್ಮಣನ ಮಗಳು, ಗಿಡ್ಡ, ಬಾಯಿ ಜೋರು, ಹಿಟ್ಟಿನ ವಾಸನೆಯ ಜೊತೆಗೇ ಮೈದಾನಕ್ಕೆ ಬರುವವಳು. ಆಟದಲ್ಲಿ ಸ್ನೇಹಲ್‌ಳ ಅರ್ಧವೂ ಇಲ್ಲ. ಆದರೆ ಅವಳು ಒಬ್ಬೊಬ್ಬಳನ್ನು ಮನೆಯಿಂದ ಎಬ್ಬಿಸಿ ತರುತ್ತಿದ್ದಳು. ತಾಯಂದಿರ ಹತ್ತಿರ ಜಗಳವಾಡುತ್ತಿದ್ದಳು. ಮೇ ತಿಂಗಳಿಗೆ ಅವಳ ಮದುವೆ ಗೊತ್ತಾಗಿದೆ. ಗಂಡನ ಮನೆ ಮುನವಳ್ಳಿ. ‘ಒಂದ ವರ್ಷ ಐತ್ರಿ ಮೇಡಂ ನನ್ನ ಕೈಯಾಗ. ಈ ವರ್ಷ ಗೆಲ್ಲಬೇಕು’ ಎಂದು ಜುಲೈನಲ್ಲೇ ಹೇಳಿದ್ದಳು. ನನಗೆ ಅಂಥ ಆಸೆ ಸತ್ತು ಎಷ್ಟೋ ವರ್ಷವಾಗಿತ್ತು. ಅವಳ ಮುಖ ನೋಡಿ ಸುಮ್ಮನೆ ತಲೆಯಾಡಿಸಿದೆ.

ಆಮೇಲಿನದು ನಿನಗೆ ಗೊತ್ತೇ ಇದೆ, ಜನವರಿಯ ರಾಮದುರ್ಗದ ಟೂರ್ನಮೆಂಟಿನಲ್ಲಿ ನೀನೂ ಇದ್ದೆ. ಆದರೆ ನೀನು ಆ ಬದಿಯ ಬೆಂಚಿನ ಮೇಲೆ ಕುಳಿತಿದ್ದೆ. ನನ್ನ ಬದಿಯಿಂದ ಹೇಗೆ ಕಂಡಿತು ಎಂದು ಹೇಳುತ್ತೇನೆ.

ನಾವು ಸೆಮಿಫೈನಲ್ ಗೆದ್ದಾಗ ನನ್ನ ಹುಡುಗಿಯರಿಗೇ ನಂಬಿಕೆಯಾಗಲಿಲ್ಲ. ಮರುದಿನ ಮಧ್ಯಾಹ್ನ ಫೈನಲ್. ಹೊಳೆಯ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು, ಬಿಸಿಲು ಮಾತ್ರ ಕಣ್ಣು ಬಿಡಗೊಡುತ್ತಿರಲಿಲ್ಲ. ನಿಮ್ಮ ಬಸ್ಸಿನಿಂದ ಸ್ನೇಹಲ್ ಇಳಿದಳು. ಹೊಸ ಜರ್ಸಿ, ಮೊಣಕಾಲಿಗೆ ಪಟ್ಟಿ, ಕೂದಲು ಗಿಡ್ಡ ಮಾಡಿಸಿದ್ದಾಳೆ. ನೇರ ನನ್ನ ಹತ್ತಿರ ಬಂದು ಕಾಲಿಗೆ ಬಿದ್ದಳು. ನನ್ನ ಹುಡುಗಿಯರು ಬೂಟಿನ ಲೇಸು ಕಟ್ಟುತ್ತ ತಲೆ ತಗ್ಗಿಸಿದರು. ಗೌತಮ, ಶಟ್ಟೆವ್ವ ಇಬ್ಬರೂ ಆಟ ನೋಡಲು ಬಂದಿದ್ದರು. ಎರಡು ಬೆಂಚುಗಳ ನಡುವೆ ಎಲ್ಲಿ ಕೂಡಬೇಕೆಂದು ತಿಳಿಯದೆ ಅವರು ಬಹಳ ಹೊತ್ತು ನಿಂತೇ ಇದ್ದರು.

ರಾಣಿ ಅಂದು ಆಡಿದ ಆಟವನ್ನು ನಾನು ಮರೆಯಲಾರೆ. ಸ್ನೇಹಲ್ ಬಲಕ್ಕೆ ತಿರುಗಿದರೆ ಅಲ್ಲಿ ರಾಣಿ. ನೀನು ಅವಳ ಎಡಗೈ ತಿದ್ದಿದ್ದೀ, ಒಪ್ಪಿಕೊಳ್ಳುತ್ತೇನೆ. ಎಡಕ್ಕೆ ತಿರುಗಿದರೆ ಅಲ್ಲಿಯೂ ರಾಣಿ. ಎರಡು ಸಲ ಬಿದ್ದು ಮೊಣಕೈ ಸುಲಿದುಕೊಂಡಳು. ಕೊನೆಯ ಟೈಮ್ ಔಟಿನಲ್ಲಿ ನಾವು ಒಂದು ಪಾಯಿಂಟ್ ಮುಂದಿದ್ದೆವು. ಮೂವತ್ತು ವರ್ಷದಲ್ಲಿ ಮೊದಲ ಸಲ ನಿಮ್ಮಂಥ ಟೀಮಿನ ಮೇಲೆ ನಾವು ಮುಂದಿದ್ದೆವು. ನಾನು ಹುಡುಗಿಯರಿಗೆ ಏನು ಹೇಳಿದೆನೋ ನೆನಪಿಲ್ಲ. ನೀರು ಕುಡಿಯಿರಿ ಎಂದೆನೇನೋ.

ಆಟ ಮುಗಿಯಲು ಬಂದಾಗ ಸ್ನೇಹಲ್ ಒಳಗೆ ನುಗ್ಗಿದಳು, ರಾಣಿಯ ಕೈ ಅವಳ ಮುಂಗೈಗೆ ತಾಗಿತು. ಫೌಲ್. ಎರಡು ಫ್ರೀ ಥ್ರೋ. ಸ್ನೇಹಲ್ ಗೆರೆಯ ಮೇಲೆ ನಿಂತಳು, ಚೆಂಡನ್ನು ನೆಲಕ್ಕೆ ಬಡಿದಳು, ತಲೆ ಎತ್ತಿ ನೋಡಿದಳು. ನಿನ್ನ ಕಡೆ ನೋಡಲಿಲ್ಲ, ಸಾವಂತ್ರಿ. ನನ್ನ ಕಡೆ ನೋಡಿದಳು. ನನ್ನ ಕೈ ಎದ್ದಿತು. ಅಂಗೈ ಕೆಳಗೆ ಮಾಡಿ ನಿಧಾನ ಇಳಿಸಿದೆ. ಅವಳು ಉಸಿರು ಬಿಟ್ಟಳು, ಮೊಣಕಾಲು ಬಾಗಿಸಿದಳು, ಚೆಂಡು ರಿಂಗಿಗೆ ತಾಗದೆ ಒಳಗೆ ಹೋಯಿತು. ಎರಡನೆಯದಕ್ಕೂ ಹಾಗೇ ಆಯಿತು.

ನಾನು ಏನು ಮಾಡಿದೆನೆಂದು ನನಗೆ ತಿಳಿದದ್ದು ನನ್ನ ಪಕ್ಕದ ಹುಡುಗಿಯರ ಮುಖ ನೋಡಿದ ಮೇಲೆ. ಉಳಿದ ಕ್ಷಣದಲ್ಲಿ ರಾಣಿ ಅರ್ಧ ಕೋರ್ಟಿನಿಂದ ಎಸೆದ ಚೆಂಡು ಬೋರ್ಡಿನ ಅಂಚಿಗೆ ಬಡಿದು ಹೊರಗೆ ಹೋಯಿತು. ಒಂದು ಪಾಯಿಂಟ್. ನೀನು ಬಂದು ನನ್ನ ಎರಡೂ ಕೈ ಹಿಡಿದು, ‘ನಿಮ್ಮ ಹುಡುಗ್ಯಾರು ಭಾಳ ಛಲೋ ಆಡಿದ್ರು ಅನ್ನು’ ಎಂದೆ. ನಾನೂ ನಕ್ಕೆ. ಫೋಟೋದಲ್ಲಿ ನಕ್ಕಿದ್ದೇನೆ, ಪೇಪರಿನಲ್ಲಿ ನೋಡಿದೆ.

ವಾಪಸು ಬರುವಾಗ ಬಾಡಿಗೆಯ ಕ್ರೂಸರಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕುಳಿತಂತೆ ಕುಳಿತಿದ್ದರು. ಯರಗಟ್ಟಿಯಲ್ಲಿ ಚಹಕ್ಕೆ ನಿಲ್ಲಿಸಿದೆವು. ಮಿರ್ಚಿ ಭಜಿ ತರಿಸಿದೆ, ಯಾರೂ ಕೈ ಹಾಕಲಿಲ್ಲ. ರಾಣಿ ಗ್ಲಾಸು ಕೆಳಗಿಟ್ಟು ಎಲ್ಲರೆದುರೇ ಕೇಳಿದಳು.

‘ಮೇಡಂ, ನೀವು ಆಕಿಗಿ ಕೈ ಮಾಡಿ ತೋರಿಸಿದ್ರಿ?’

‘ಹೌದು.’

‘ಯಾಕ್ರಿ?’

‘ಗೊತ್ತಿಲ್ಲ ತಾಯಿ. ಕೈ ತಾನ ಎದ್ದಿತು.’

‘ಆಕಿ ಯಾವಾಗ್ಲೂ ಅವಸರ ಮಾಡತಾಳ್ರಿ. ನೀವು ಮಾರಿ ಆ ಕಡೆ ಮಾಡಿದ್ರ ಒಂದರ ತಪ್ಪತಿತ್ತು. ನಾನು ಅದರ ಮ್ಯಾಲೇ ಆಸೆ ಇಟ್ಟಿದ್ನಿ’ ಎಂದಳು. ಬೈಯಲಿಲ್ಲ, ಅಳಲಿಲ್ಲ. ಕ್ರೂಸರಿನ ಹಿಂದಿನ ಸೀಟಿಗೆ ಹೋಗಿ ಕುಳಿತಳು. ಮುರಗೋಡ ದಾಟಿ ಬೈಲಹೊಂಗಲ ಬರುವ ತನಕ ಮುಂದಿನ ಸೀಟಿನಲ್ಲಿ ಕುಳಿತ ನಾನು ಕನ್ನಡಿಯಲ್ಲಿ ಅವಳನ್ನು ನೋಡುತ್ತಿದ್ದೆ. ಅವಳು ಹೊರಗಿನ ಕಬ್ಬಿನ ಹೊಲ ನೋಡುತ್ತಿದ್ದಳು.

ಆ ವಾರವೇ ಅಂದಾನೆಪ್ಪನವರಿಗೆ ಪತ್ರ ಕೊಟ್ಟೆ. ಅವರು ಒಮ್ಮೆ ಓದಿ, ‘ಇದು ಮೊಣಕಾಲಿನ ಕಾರಣ ಅಂತ ಬರದೀರಿ. ಖರೇನೇನ್ರಿ?’ ಎಂದರು. ‘ಅದೂ ಖರೇ ಐತ್ರಿ ಸರ್’ ಎಂದೆ. ಅವರು ಬಾಗಿಲವರೆಗೆ ಬಂದು ಕಳಿಸಿದರು. ಇಷ್ಟು ವರ್ಷದಲ್ಲಿ ಅವರು ಹಾಗೆ ಎದ್ದು ಬಂದದ್ದು ಅದೇ ಮೊದಲು. ನಮ್ಮವರು, ‘ಬಿಟ್ಟದ್ದು ಛಲೋ ಆತು, ಇನ್ನ ಮುಂಜಾನೆ ಬಿಸಿ ಚಹಾ ಸಿಗತೈತಿ’ ಎಂದರು. ಎರಡು ದಿನ ಸಿಕ್ಕಿತು. ಮೂರನೆಯ ದಿನ ನಸುಕಿನಲ್ಲೇ ಎಚ್ಚರವಾಗಿ, ಬೂಟು ಹಾಕಿಕೊಂಡ ಮೇಲೆ ನೆನಪಾಯಿತು. ಬೂಟು ಬಿಚ್ಚಿ ಅವರಿಗೆ ಚಹ ಮಾಡಿದೆ.

ರಾಣಿ ಬಹಳ ದಿನ ಬರಲಿಲ್ಲ. ಬಂದಾಗ ಕೈಯಲ್ಲಿ ಜರ್ಸಿ ಇತ್ತು, ಒಗೆದು ಇಸ್ತ್ರಿ ಮಾಡಿದ್ದು. ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಳು. ನಾನು ಶೇಂಗಾ ಹುರಿಯುತ್ತಿದ್ದೆ. ತಟ್ಟೆಯಿಂದ ಒಂದೊಂದೇ ತೆಗೆದು ಸಿಪ್ಪೆ ತಿಕ್ಕಿ ಬಾಯಿಗೆ ಹಾಕಿಕೊಳ್ಳುತ್ತ ಮದುವೆಯ ಸೀರೆ, ಮುನವಳ್ಳಿಯ ಅತ್ತೆ, ಗಿರಣಿಗೆ ಹೊಸ ಬೆಲ್ಟು, ಇದನ್ನೇ ಮಾತಾಡಿದಳು. ಏಳುವ ಹೊತ್ತಿಗೆ ಕೇಳಿದಳು.

‘ಮೇಡಂ, ಆ ಫ್ರೀ ಥ್ರೋ ನಂದ ಆಗಿದ್ರ? ನಾ ಬ್ಯಾರೆ ಕಡೆ ಆಡಾಕಿ ಆಗಿ, ನಿಮ್ಮ ಕಡೆ ನೋಡಿದ್ರ? ನೀವು ಕೈ ಮಾಡತಿದ್ರಿ?’

‘ಮಾಡತಿದ್ದೆ.’

ಅವಳು ಕೈಗೆ ಅಂಟಿದ ಸಿಪ್ಪೆ ಜಾಡಿಸಿ ಎದ್ದಳು. ‘ಹಂಗಾದ್ರ ಆತು ಬಿಡ್ರಿ’ ಎಂದಳು. ಜರ್ಸಿಯನ್ನು ಕಪಾಟಿನಲ್ಲಿ ತಾನೇ ಇಟ್ಟಳು. ಹೋಗುವಾಗ, ‘ಮದವಿಗಿ ಬರಬೇಕ ನೋಡ್ರಿ. ನಮ್ಮ ಅತ್ತಿ ಮುಂದ ನಾಲ್ಕ ಮಾತ ಹೇಳ್ರಿ, ನಾ ಭಾಳ ಶಾಣ್ಯಾಕಿ ಅಂತ’ ಎಂದು ನಕ್ಕಳು. ಅವಳು ಹೋದ ಮೇಲೆ ನೋಡಿದರೆ ಬಾಣಲೆಯ ಶೇಂಗಾ ಸೀದು ಹೋಗಿದ್ದವು. ಹಾಗೇ ತಿಂದೆವು.

ಇಷ್ಟು, ಸಾವಂತ್ರಿ. ಇನ್ನು ಮುಂದೆ ಟೂರ್ನಮೆಂಟಿನಲ್ಲಿ ನಾವು ಭೇಟಿಯಾಗುವುದಿಲ್ಲ. ಸ್ನೇಹಲ್‌ಳಿಗೆ ರೈಲ್ವೆ ಟ್ರಯಲ್ಸ್ ಏಪ್ರಿಲ್‌ನಲ್ಲಿ ಎಂದು ಕೇಳಿದೆ. ಮುಂಚಿನ ದಿನ ಅವಳನ್ನು ಹೆಚ್ಚು ಓಡಿಸಬೇಡ, ಎಣ್ಣೆಯ ಪದಾರ್ಥ ತಿನ್ನಲು ಬಿಡಬೇಡ. ಫ್ರೀ ಥ್ರೋ ಹಾಕುವಾಗ ಎದುರು ನಿಂತು ಕೈ ಇಳಿಸು, ಅವಳಿಗೆ ಅದು ಬೇಕು. ನೀನು ಮಾಡಿದರೂ ನಡೆಯುತ್ತದೆ, ರೂಢಿ ಮಾಡಿಸು. ಅವಳಿಗೆ ಕೆಲಸ ಸಿಕ್ಕರೆ ಗೌತಮನಿಗೆ ಮೊದಲು ನಾನೇ ಹೇಳುತ್ತೇನೆ, ಅಷ್ಟು ನನಗೆ ಬಿಡು.

ನಿನ್ನ ಸಮಾರಂಭ ಚೆನ್ನಾಗಿ ಆಗಲಿ. ಆ ದಿನ ನೀಲಿ ಇಳಕಲ್ ಸೀರೆ ಉಡು, ನಿನಗೆ ಒಪ್ಪುತ್ತದೆ. ನಿಮ್ಮ ಮನೆಯವರಿಗೆ ನಮ್ಮಿಬ್ಬರ ನಮಸ್ಕಾರ. ಮಗಳಿಗೆ, ಮೊಮ್ಮಗಳಿಗೆ ನನ್ನ ಆಶೀರ್ವಾದ. ಕೂಸು ಎತ್ತರ ಬೆಳೆಯಲಿ, ಗಟ್ಟಿ ಕಾಲು ಬರಲಿ, ಯಾವ ಆಟ ಬೇಕೋ ಅದನ್ನೇ ಆಡಲಿ. ನಿನ್ನ ಸಕ್ಕರೆ ಕಾಯಿಲೆಗೆ ಗುಳಿಗೆ ತಪ್ಪಿಸಬೇಡ.

ಎಂದಿನಂತೆ ನಿನ್ನವಳೇ,
ಅನ್ನಪೂರ್ಣಾ

ತಾ.ಕ.: ಲಕೋಟೆಗೆ ಗೋಂದು ಹಚ್ಚಿ ಮತ್ತೆ ಬಿಡಿಸಿದೆ. ಮೇಲೆ ಬರೆದದ್ದರಲ್ಲಿ ಸುಳ್ಳೇನೂ ಇಲ್ಲ, ಆದರೆ ನಿನ್ನ ಫೋನು ನಾನು ಎತ್ತದಿರುವುದಕ್ಕೆ ಅದು ಕಾರಣವಲ್ಲ. ಫೈನಲ್ ಮುಗಿದು ನಾವು ಬ್ಯಾಗುಗಳನ್ನು ಕ್ರೂಸರಿಗೆ ಏರಿಸುತ್ತಿದ್ದಾಗ ಶಟ್ಟೆವ್ವ ನನ್ನನ್ನು ಹುಡುಕಿಕೊಂಡು ಬಂದಳು. ಕೈ ಹಿಡಿದು, ‘ನಿಮ್ಮ ಗೆಳತಿ ಎಂಥಾ ಛಲೋ ಮನಶ್ಯಾಳ್ರಿ ಮೇಡಂ. ಬ್ಯಾಸಗ್ಯಾಗ ಎರಡ ಸಲ ನಮ್ಮ ಊರಿಗಿ ಬಂದಿದ್ರು. ಬಿಸಲಾಗ, ಪಾಪ, ಬಸ್ಸಿಗಿ ಬಂದಿದ್ರು. ನಮ್ಮ ಮನ್ಯಾಗ ಉಂಡ್ರು. ನಿಮ್ಮ ಹುಡುಗಿನ್ನ ನಮ್ಮ ಕಾಲೇಜಿಗಿ ಕಳಸ್ರಿ ಅಂತ ಕೈ ಮುಗದ ಕೇಳಿದ್ರು. ನಿಮಗ ಹೇಳೇ ಬಂದಿರಬೇಕಂತ ನಾವೂ ಹ್ಞೂಂ ಅಂದ್ವಿ’ ಎಂದಳು. ನಾನು ಹೌದೆಂದೆ. ಮುದುಕಿಯ ಮನಸ್ಸು ಯಾಕೆ ನೋಯಿಸಬೇಕು?

ಹುಡುಗಿಯೇ ನಿನ್ನ ಹತ್ತಿರ ಬಂದು ಕೇಳಿಕೊಂಡಳು ಎಂದು ಜುಲೈನಲ್ಲಿ ನೀನು ಫೋನಿನಲ್ಲಿ ಹೇಳಿದ್ದನ್ನು ನಾನು ನಂಬಿದ್ದೆ. ಅದೂ ಹೋಗಲಿ. ಆಟಗಾರ್ತಿಯರಿಗಾಗಿ ಎಲ್ಲರೂ ಊರೂರು ತಿರುಗುತ್ತಾರೆ. ನೀನು ಬಂದು ಕೇಳಿದ್ದರೆ ನಾನೇ ನಿನ್ನ ಜೊತೆಗೆ ಸಂಗೊಳ್ಳಿಗೆ ಬಂದು ಅವಳನ್ನು ಒಪ್ಪಿಸಿ ಕಳಿಸುತ್ತಿದ್ದೆ. ಸಹಿ ಹಾಕಿದವಳು ನಾನೇ ಅಲ್ಲವೇ? ಹುಡುಗಿ ಹೋದದ್ದಕ್ಕೆ ನನಗೆ ದುಃಖವಿಲ್ಲ, ಕಪ್ಪು ಹೋದದ್ದಕ್ಕೂ ಇಲ್ಲ.

ಆದರೆ ಸಂಗೊಳ್ಳಿಯಿಂದ ಬರುವ ಬಸ್ಸು ಬೈಲಹೊಂಗಲದ ಸ್ಟ್ಯಾಂಡಿಗೆ ಬಂದು ನಿಲ್ಲುತ್ತದೆ. ಅಲ್ಲಿ ಇಳಿದು ಬೆಳಗಾವಿಯ ಬಸ್ಸಿಗೆ ಕಾಯಬೇಕು. ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ ಇರುವುದನ್ನು ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ಮೂವತ್ತು ವರ್ಷ ನೀನು ಈ ಊರಿಗೆ ಬಂದು ನನ್ನ ಮನೆಗೆ ಬರದೆ ಹೋದದ್ದಿಲ್ಲ. ಬೇಸಿಗೆಯಲ್ಲಿ ನನಗೆ ಸೂಟಿ, ಎರಡೂ ಸಲ ನಾನು ಮನೆಯಲ್ಲೇ ಇದ್ದೆ. ಅಷ್ಟು ಹೊತ್ತು ಆ ಬಿಸಿಲಿನಲ್ಲಿ ನೀನು ಎಲ್ಲಿ ಕುಳಿತಿದ್ದೆ, ಸಾವಂತ್ರಿ?